ಮೂರನೆಯ ತಟ್ಟೆ

ಇಪ್ಪತ್ತೆರಡು ವರ್ಷ ಕಿವಿಯಿಂದಲೇ ಕರಿದವನು ನಾನು.
ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಬಾಯಲ್ಲಿ
ಮೂರಡಿ ಅಗಲದ ಅಂಗಡಿ,
ಅಂಗಡಿಯ ಮುಂದೆ ಬಾಣಲೆ, ಬಾಣಲೆಯ ಹಿಂದೆ ನಾನು.
ಆಲೂಗಡ್ಡೆ ಬಿಲ್ಲೆ ಬಿದ್ದೊಡನೆ ಎಣ್ಣೆ
ಮಂಗಳವಾರದ ಸಂತೆಯ ಹಾಗೆ ಗದ್ದಲ ಎಬ್ಬಿಸುತ್ತೆ.
ಒಳಗಿದ್ದ ನೀರು ಹೊರಗೆ ಬರುತ್ತಾ
ತನ್ನ ದೂರನ್ನೆಲ್ಲ ಹೇಳಿಕೊಳ್ಳುತ್ತೆ.
ಆಮೇಲೆ ಸದ್ದು ತೆಳ್ಳಗಾಗುತ್ತೆ,
ಪಿಸುಗುಟ್ಟುತ್ತೆ,
ಸುಮ್ಮನಾಗುತ್ತೆ.
ಜಾಲರಿ ಸೌಟು ಇಳಿಸಬೇಕಾದ್ದು ಆಗ.
ಅರೆಗಳಿಗೆ ತಡವಾದರೂ ಕಹಿ.
ಇದನ್ನು ಯಾರೂ ಕಲಿಸಿದ್ದಲ್ಲ. ಎಣ್ಣೆಯೇ ಹೇಳಿದ್ದು.

ಮೊನ್ನೆ ರಕ್ತದ ಚೀಟಿ ಬಂತು.
ಟ್ರೈಗ್ಲಿಸರೈಡು ಮುನ್ನೂರ ಹನ್ನೆರಡು.
ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ
"ಏನ್ ಕೆಲಸ ಮಾಡ್ತೀರಿ?" ಅಂದರು. ಹೇಳಿದೆ.
ಅವರಿಗೆ ನಗು ಬಂತು, ನನಗೂ ಬಂತು.
ಜಲಜಾಕ್ಷಿಗೆ ಬರಲಿಲ್ಲ.

ಚೀಟಿ ಮುಗಿದಾಗ ಉಡುಗೊರೆಯಾಗಿ ಬಂದ ಕರೆಂಟಿನ ಒಲೆ ಒಂದಿತ್ತು.
ಎರಡು ವರ್ಷದಿಂದ ಅದರ ಹೊಟ್ಟೆಯಲ್ಲಿ
ಲಗ್ನಪತ್ರಿಕೆಗಳು, ಗ್ಯಾಸಿನ ಬಿಲ್ಲು, ಯಾವ ಬೀಗದ್ದೋ ಕೀಲಿ.
ಎಲ್ಲವನ್ನೂ ಮಂಚದ ಮೇಲೆ ಸುರಿದಳು.
ಅಂಗಡಿಯ ಮಣೆ ತಂದು ನಾನು
ಬೀಟ್‌ರೂಟು, ಗೆಣಸು, ಹಾಗಲಕಾಯಿ ಹೆರೆದೆ,
ಹಿಡಿದರೆ ಆಚೆಗಿನ ಬಲ್ಬು ಕಾಣಬೇಕು, ಅಷ್ಟು ತೆಳ್ಳಗೆ.
ಉಪ್ಪು ಸವರಿ ಕಾಲು ಗಂಟೆ ಬಿಟ್ಟರೆ
ಮೂರೂ ಬೆವರಿದವು.
ನನ್ನ ಹಳೇ ಪಂಚೆಯಲ್ಲಿ ಸುತ್ತಿ ಒತ್ತಿದೆವು.
ಆ ಪಂಚೆ ತಂತಿಯ ಮೇಲೆ ಕಂಡು
ಪಕ್ಕದ ಮನೆ ಫರೀದಾ ಓಡಿ ಬಂದಳು,
"ಏನಾಯ್ತಣ್ಣ, ಯಾರಿಗಾಯ್ತು?"

ಎಲ್ಲಕ್ಕೂ ಸೇರಿ ಎಣ್ಣೆ ಒಂದೇ ಚಮಚ.
ದಿನಕ್ಕೊಂದು ಡಬ್ಬ ಬಗ್ಗಿಸುವ ಕೈ ಇದು.
"ದೀಪಕ್ಕೂ ಸಾಲದಲ್ಲೇ" ಅಂದೆ.
"ದೀಪಕ್ಕಲ್ಲ, ನಿಮಗೆ" ಅಂದಳು.

ಮೊದಲ ತಟ್ಟೆ ಇದ್ದಿಲಾಯಿತು.
ತಪ್ಪು ನನ್ನದೇ. ಗಾಜಿಗೆ ಕಿವಿ ಕೊಟ್ಟು ಕಾದೆ,
ಆ ಪೆಟ್ಟಿಗೆ ತುಟಿ ಪಿಟಕ್ ಅನ್ನಲಿಲ್ಲ.
ನೀರು ಹೇಳದೇ ಕೇಳದೇ ಎದ್ದು ಹೋಗಿತ್ತು.
ಎರಡನೆಯದು ಚಪ್ಪಲಿಯ ತುಂಡಿನ ಹಾಗೆ ಎಳೆಯಿತು;
ಹಲ್ಲಿನ ಸಂದಿಯಲ್ಲಿ ಗೆಣಸು, ಬಾಯಲ್ಲಿ ಬೈಗುಳ.
"ಹಬೆ ಒಳಗೇ ಸುತ್ತುತ್ತಿದೆ" ಅಂದಳು ಜಲಜಾಕ್ಷಿ,
ಮಡಕೆಗೆ ಮುಚ್ಚಳ ಓರೆ ಮಾಡುವವಳ ಬುದ್ಧಿ,
ಬಾಗಿಲ ಸಂದಿಗೆ ಮರದ ಸೌಟು ಸಿಕ್ಕಿಸಿ
ಉರಿ ತಗ್ಗಿಸಿದಳು.

ನೆಲದ ಮೇಲೆ ಕೂತೆವು, ಟೀವಿ ಮುಂದೆ ಕೂತ ಹಾಗೆ.
ಮುಕ್ಕಾಲು ಗಂಟೆ. ಒಮ್ಮೆ ಮಗುಚಿದ್ದು ಬಿಟ್ಟರೆ
ಮಾಡಲು ಏನೂ ಇಲ್ಲ.
ಬೀಟ್‌ರೂಟಿನ ಅಂಚು ಬೆಕ್ಕಿನ ಕಿವಿಯಂತೆ ಮಡಿಚಿತು.
ಮಳೆ ಬಿದ್ದ ಮಣ್ಣಿನ ವಾಸನೆ, ಆಮೇಲೆ ಬೆಲ್ಲದ್ದು.
ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗಿತ್ತು.
ಇಷ್ಟು ಹೊತ್ತು ಒಟ್ಟಿಗೆ ಸುಮ್ಮನೆ ಕೂತದ್ದು
ಯಾವ ಕಾಲದಲ್ಲೋ.

ಹೊರಗೆ ತೆಗೆದರೆ ಇನ್ನೂ ಮೆತ್ತಗೆ!
"ಹಾಳಾಯ್ತು" ಅಂತ ಎದ್ದು ಹೋಗುತ್ತಿದ್ದೆ.
ಟಿಕ್.
ತಟ್ಟೆಯ ಮೇಲೆ ಒಂದು ಹಾಗಲದ ಬಳೆ
ಆರುತ್ತಾ ತನ್ನಷ್ಟಕ್ಕೆ ಸೆಟೆಯಿತು.
ಟಿಕ್, ಇನ್ನೊಂದು.
ಬಾಯಿಗೆ ಹಾಕಿದೆ. ಕರುಂ.
ಒಲೆಯೊಳಗೆ ನುಂಗಿಕೊಂಡಿದ್ದ ಮಾತನ್ನೆಲ್ಲ
ಹಲ್ಲಿನಡಿಯಲ್ಲಿ ಆಡಿತು.

ಈಗ ಗಲ್ಲದ ಕೆಳಗೆ ಒಂದು ಸ್ಟೀಲ್ ಡಬ್ಬಿ.
ಊರಿಗೆಲ್ಲ ಎಣ್ಣೆಯದ್ದು ತೂಗಿ ಕೊಟ್ಟು
ಗಿರಾಕಿ ಅತ್ತ ತಿರುಗಿದೊಡನೆ
ಕಳ್ಳನ ಹಾಗೆ ಒಂದು ಬಿಲ್ಲೆ.
ನಿನ್ನೆ ಹತ್ತು ರೂಪಾಯಿ ಹಿಡಿದು ನಿಂತ ಹುಡುಗ,
ಸ್ಕೂಲ್ ಬ್ಯಾಗಿನ ಒಂದೇ ಪಟ್ಟಿ ಹೆಗಲಿಗೆ,
"ಮಾಮ, ನೀನ್ ತಿಂತಿರೋದು ಕೊಡು" ಅಂದ.
ಇದು ಮಾರೋದಲ್ಲ ಅಂದೆ. ಕೈ ಚಾಚಿಯೇ ನಿಂತ.
ಕೊಟ್ಟೆ.
ನಾಲಿಗೆ ಕೆಂಪು ಮಾಡಿಕೊಂಡು ಅಗಿದ, ಯೋಚಿಸಿದ.
ನಾನು ಅವನ ಮುಖವನ್ನೇ ನೋಡುತ್ತಾ ನಿಂತೆ,
ಪರೀಕ್ಷೆ ಬರೆದವನ ಹಾಗೆ.
"ಉಪ್ಪು ಸಾಲದು. ಇನ್ನೊಂದು ಕೊಡು."

ಹಿಂದೆ ಬಾಣಲೆ ಸುಮ್ಮನಾಗಿತ್ತು.
ಎಷ್ಟು ಹೊತ್ತಾಗಿತ್ತೋ.