ಮೊದಲ ಐದು ಸಾವಿರ ನನ್ನದು

ಕಾಟಿಹಳ್ಳಿಯ ನನ್ನ ಟಿಂಕರಿಂಗ್ ಶೆಡ್ಡಿಗೆ
ಜವರೇಶ ಬಂದ, ಕಂಕುಳಲ್ಲಿ ಫೈಲು,
ಬಾಯಲ್ಲಿ ಎಲೆಯಡಿಕೆ, ಮಾತೆಲ್ಲ ಕೆಂಪು.
‘ಇಲಿಯಾಸಣ್ಣ, ವ್ಯಾನಿಗೊಂದು, ಮನೆಗೊಂದು,
ಫುಲ್ ಪ್ಯಾಕೇಜ್ ಮಾಡ್ಬಿಡಾಣ, ನೆಮ್ಮದಿ.’

ನೆಮ್ಮದಿಗೆ ಅವನು ಹಾಕಿದ ರೇಟು
ವರ್ಷಕ್ಕೆ ಹದಿನಾಲ್ಕು ಸಾವಿರದ ಚಿಲ್ಲರೆ.

ಸುತ್ತಿಗೆ ಕೆಳಗಿಟ್ಟೆ.
ಇಪ್ಪತ್ತಾರು ವರ್ಷದಿಂದ ಹಾಸನದ ಗುದ್ದುಗಳನ್ನು ಓದುತ್ತ ಬಂದವನು ನಾನು:
ಇದು ಎನ್.ಆರ್. ಸರ್ಕಲ್ಲಿನ ಅವಸರ,
ಇದು ರಿವರ್ಸಿನಲ್ಲಿ ಮರೆತ ಕಲ್ಲುಕಂಬ,
ಇದು ಗಂಡಹೆಂಡಿರ ಜಗಳ, ಗೇಟಿಗೆ ತಾಗಿದ್ದು.
ಯಾವ ಬಿಲ್ಲಿನಲ್ಲಿ ಎಷ್ಟು ತಗಡು, ಎಷ್ಟು ಗಾಳಿ
ನನಗೆ ಗೊತ್ತಿಲ್ಲವೇ?

‘ಓಮ್ನಿಗೆ ಹದಿನೈದು ತುಂಬಿತು, ಮಾರಿದರೆ ಎಂಬತ್ತು ಸಾವಿರ.
ಕೀ ಕಳೆದರೆ ಅಂತ ಒಂದು, ಟೈರಿಗೆ ಅಂತ ಒಂದು,
ಸೊಟ್ಟಗಾದರೆ ಬಡಿಯೋನು ನಾನೇ ತಾನೆ?
ನನ್ನ ಕೈಗೆ ನಾನೇ ಯಾಕಯ್ಯ ಕಂತು ಕಟ್ಟಲಿ?
ಹೊಡಿ ಕಾಟು.’

ಪೆನ್ನು ಮನಸಿಲ್ಲದೆ ಕಾಟು ಹೊಡೆಯಿತು.

‘ಥರ್ಡ್ ಪಾರ್ಟಿ ಮಾತ್ರ ಮುಟ್ಟಬೇಡ.
ಕಾನೂನು ಅಂತಲ್ಲ.’

ಶಾಂತಿಗ್ರಾಮದ ತಿರುವಿನಿಂದ ಒಂದು ಜೀಪು ಬಂದಿತ್ತು ಇಲ್ಲಿಗೆ,
ವಿಮೆ ಮುಗಿದು ನಾಲ್ಕು ತಿಂಗಳು.
ಬಾನೆಟ್ಟು ನೇರ ಮಾಡಲು ನನಗೆ ಅರ್ಧ ದಿನ ಸಾಕಾಯಿತು.
ಮಾಲೀಕ ಎರಡು ಸೈಟು ಮಾರಿದ, ಆಮೇಲೆ ಜೀಪೂ.
ಆ ಹುಡುಗನ ಮೊಣಕಾಲು
ಈಗಲೂ ನನ್ನ ಶೆಡ್ಡಿನ ಮುಂದೆ ಶಾಲೆಗೆ ಹೋಗುತ್ತದೆ,
ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ.
ತಗಡು ಬಡಿದರೆ ಮಾತು ಕೇಳುತ್ತದೆ.
ಉಳಿದದ್ದು ಕೇಳುವುದಿಲ್ಲ.

ಊಟದ ಡಬ್ಬಿ ತಂದ ಶಾಕಿರಾ
ಡಬ್ಬಿಗಿಂತ ಮೊದಲು ಫೈಲು ಬಿಚ್ಚಿದಳು.
ಪೆನ್ಷನ್ ಮೊಹಲ್ಲಾದ ನಮ್ಮ ಮನೆಗೆ ಅವನು ಬರೆದದ್ದು ಐವತ್ತೆರಡು ಲಕ್ಷ.
‘ಸೈಟು ಸೇರಿಸಿ ಅಕ್ಕ.’
‘ಮಣ್ಣಿಗೂ ಬೆಂಕಿ ಹತ್ತುತ್ತಾ?
ಗೋಡೆ ಮತ್ತೆ ಎಬ್ಬಿಸೋಕೆ ಹದಿನಾರು ಅಂದಿದ್ದಾರೆ ಮೇಸ್ತ್ರಿ ದ್ಯಾವಣ್ಣ.
ಅಷ್ಟೇ ಬರಿ.
ಮುಂದಿನ ಕೋಣೇಲಿ ನನ್ನ ಮೂರು ಹೊಲಿಗೆ ಮಶೀನು, ಅದನ್ನೂ ಬರಿ.’

‘ಅಂಗಡಿ ಅಂದ್ರೆ ರೇಟು ಏರುತ್ತಕ್ಕ. ಸುಮ್ನಿದ್ರೆ ಯಾರಿಗೆ ಗೊತ್ತಾಗುತ್ತೆ?’

‘ಏರಲಿ. ಹೊಲಿಗೆ ತಪ್ಪಿಸಿದ ಕಡೆಯೇ
ಬಟ್ಟೆ ಹರಿಯೋದು, ಜವರೇಶ.’

ಅವಳು ಏರಿಸಿದ್ದನ್ನು ಇಳಿಸಲು ನಾನೊಂದು ಮಾತು ಹಾಕಿದೆ:
ಮನೆಗೆ ಏನೇ ಆಗಲಿ, ಮೊದಲ ಐದು ಸಾವಿರ ನನ್ನದು,
ಅಲ್ಲಿಂದಾಚೆಗೆ ನಿಮ್ಮ ಕಂಪನಿಯದು.
ಕೂಡಿ ಕಳೆದು ಐದು ಸಾವಿರದ ಏಳುನೂರು.
ಜವರೇಶ ಉಗಿದು ಬಂದು ರಸೀತಿ ಹರಿದ.

ಉಳಿದದ್ದರಲ್ಲಿ ಐದು ಸಾವಿರ
ಖಾಲಿ ಪುಟ್ಟಿ ಡಬ್ಬದಲ್ಲಿ ಹಾಕಿ ಮುಚ್ಚಳ ಬಡಿದೆ.
ನನ್ನದೂ ಒಂದು ಕಂಪನಿ,
ಬೋರ್ಡಿಲ್ಲ, ಸಣ್ಣಕ್ಷರವಿಲ್ಲ.

ನಾಲ್ಕನೇ ದಿನಕ್ಕೇ ಮೊದಲ ಕ್ಲೈಮು:
ಮಶೀನಿನ ಬೆಲ್ಟು ಹರಿದಿದೆ, ನೂರ ಎಂಬತ್ತು.
ಸರ್ವೇಯರ್ ಆಗಿ ನಾನೇ ಹೋಗಿ ನೋಡಿದೆ.
ಹರಿದದ್ದು ನಿಜ.
ಮಂಜೂರು.