ಇಳಿಯುವಾಗ ಇಸ್ಕೊಳ್ಳಿ

ಚೀಟಿ ಎತ್ತಿದ ದುಡ್ಡು ಎದೆಯ ಹತ್ತಿರ ಬೆಚ್ಚಗಿತ್ತು.
ಕಡೂರು ಟ್ರಿಪ್ಪು ಮುಗಿಸಿ, ಡಿಪೋದಲ್ಲಿ ಲೆಕ್ಕ ಕಟ್ಟಿ,
ಖಾಕಿಯಲ್ಲೇ ಹೋದೆ
ಚಿಕ್ಕಮಗಳೂರಿನ ಎಂ.ಜಿ. ರೋಡಿಗೆ,
ಮೌನೇಶಾಚಾರ್ರ ಅಂಗಡಿಗೆ.

"ಬೆಳ್ಳಿ ಬೇಕು," ಅಂದೆ. "ಒಡವೆಯಲ್ಲ.
ಕಾಲಿಗೆ ಹಾಕುವುದಲ್ಲ, ಕುಂಕುಮ ಇಡುವುದಲ್ಲ.
ಸುಮ್ಮನೆ ಇರುವ ಬೆಳ್ಳಿ."
ಆಚಾರ್ರು ಕೆಂಪು ಮಖಮಲ್ಲಿನ ಮೇಲೆ ನಾಲ್ಕು ನಾಣ್ಯ ಇಟ್ಟರು.
ನಾಲ್ಕು ಸೀಟು, ನಾಲ್ಕು ಥರದ ಪ್ಯಾಸೆಂಜರು.

ಮೊದಲನೆಯವಳು ಲಕ್ಷ್ಮಿ.
ತಾವರೆ, ಆನೆ, ಸುತ್ತ ಪ್ಲಾಸ್ಟಿಕ್ಕಿನ ಗರ್ಭಗುಡಿ.
"ಮೂರು ಒಂಬತ್ತಿನ ಬೆಳ್ಳಿ. ಕವರು ಮಾತ್ರ ಹರೀಬೇಡಿ,
ಹರಿದರೆ ಬೆಲೆ ಇಳಿಯುತ್ತೆ."
"ಮಾರೋದಕ್ಕೆ ತಂದರೆ?"
ಆಚಾರ್ರು ಕನ್ನಡಕ ತೆಗೆದು ಒರೆಸಿದರು.
"ನಿಜ ಹೇಳಲಾ ದೇವೀರಮ್ಮ, ಇದನ್ನ ಯಾರೂ ವಾಪಸು ತರೋಲ್ಲ.
ಲಕ್ಷ್ಮೀನ ಮೂಸೆಗೆ ಹಾಕಿ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ?
ಆಸ್ಪತ್ರೆ ಬಿಲ್ಲು ಬಂದರೂ
ಮೊದಲು ಮೂಗುಬೊಟ್ಟು ಬರುತ್ತೆ, ಇವಳು ಬರಲ್ಲ."
ಟಿಕೆಟ್ ತಗೊಂಡು ಸ್ಟಾಪು ಬಂದರೂ ಏಳದವರು.
ಗೊತ್ತು ನನಗೆ ಅಂಥವರು.

ಎರಡನೆಯದು ಹೊರದೇಶದ್ದು. ಮೇಲೊಂದು ಎಲೆ.
ಯಾವ ಮರದ್ದೋ, ಈ ಘಟ್ಟದಲ್ಲಿ ನಾನಂತೂ ನೋಡಿಲ್ಲ.
ಚಂದ ಇದೆ, ಒಪ್ಪಿದೆ.
ಆದರೆ ಬೆಳ್ಳಿಗೊಂದು ದರ, ಎಲೆಗೊಂದು ದರ.
ಸಖರಾಯಪಟ್ಟಣದಲ್ಲಿ ಇಳಿಯುವವಳಿಗೆ ವೋಲ್ವೋ ಯಾಕೆ?

ಮೂರನೆಯದು ರಾಜನ ತಲೆಯ ಹಳೇ ರೂಪಾಯಿ.
"ನಲವತ್ತರ ಈಚಿನದಾದರೆ ಅರ್ಧಕ್ಕರ್ಧ ಬೆರಕೆ.
ಇವನು ಹಿಂದಿನವನು," ಅಂತ ಗಾಜಿನ ಮೇಲೆ ಚಿಮ್ಮಿದರು.
ಸದ್ದು ಎಲ್ಲೋ ಹೋಗಿ ತಡವಾಗಿ ವಾಪಸು ಬಂತು.
ಇದಕ್ಕೆ ಕವರಿಲ್ಲ. ಎತ್ತಿಕೊಂಡೆ.
ಇಪ್ಪತ್ತೆರಡು ವರ್ಷ ಚಿಲ್ಲರೆ ಚೀಲದಲ್ಲಿ ಕೈಯಾಡಿಸಿದವಳು.
ಗುಂಡಿ ರಸ್ತೆ, ಕತ್ತಲು, ಕಂಬಕ್ಕೆ ಆನಿಸಿದ ಸೊಂಟ,
ಎರಡು ಯಾವುದು ಐದು ಯಾವುದು ಬೆರಳಿಗೇ ಗೊತ್ತಾಗುತ್ತಿತ್ತು.
ಈಗ ಗಂಡಸರು ಮೊಬೈಲು ತೋರಿಸುತ್ತಾರೆ, ಹೆಂಗಸರು ಆಧಾರ್ ಕಾರ್ಡು.
ಸೊನ್ನೆ ಟಿಕೆಟ್ಟು ಹರಿದು ಕೊಡುತ್ತೇನೆ.
ಚೀಲ ಹೆಗಲಲ್ಲಿದೆಯೋ ಇಲ್ಲವೋ
ಆಗಾಗ ಮುಟ್ಟಿ ನೋಡಿಕೊಳ್ಳುತ್ತೇನೆ.

ರಾಜನ ಮೂಗು ಸವೆದಿತ್ತು. ಕಿವಿಯೂ ಅಷ್ಟಕ್ಕಷ್ಟೆ.
ತೂಕಕ್ಕಿಟ್ಟರೆ ತೊಲಕ್ಕೆ ಗುಲಗಂಜಿಯಷ್ಟು ಕಮ್ಮಿ.
"ಆ ಬೆಳ್ಳಿ ಎಲ್ಲಿ ಹೋಯ್ತು?"
"ಕೈಗೆ. ಮತ್ತೆಲ್ಲಿಗೆ?"

ಹೋದ ತಿಂಗಳು ಬ್ಯಾಂಕಿನ ಮೆಷೀನಿಗೆ
ನನ್ನ ಹೆಬ್ಬೆಟ್ಟು ಹಿಡಿಸಲಿಲ್ಲ. ಗೆರೆಯೇ ಇಲ್ಲವಂತೆ.
ನಾಲ್ಕು ಸಲ ಒತ್ತಿಸಿದರು, ಕರವಸ್ತ್ರಕ್ಕೆ ಒರೆಸಿಸಿದರು,
ಕೌಂಟರಿನ ಹುಡುಗಿ ಉಫ್ ಅಂತ ಊದಿದಳು ಕೂಡ.
ನನ್ನ ಗೆರೆ ಯಾರ್ಯಾರ ಚಿಲ್ಲರೆಗೆ ಅಂಟಿ
ಯಾವ ಜೇಬಿನಲ್ಲಿದೆಯೋ.

ನಾಲ್ಕನೆಯದು ಬೋಳು.
ದೇವರಿಲ್ಲ, ರಾಜನಿಲ್ಲ, ಎಲೆಯಿಲ್ಲ.
ಹತ್ತು ಗ್ರಾಂ, ಒಂದು ಸಣ್ಣ ನಂಬರು. ಕೂಲಿ ಕಮ್ಮಿ.
ಮಾರುವಾಗ ಯಾರ ಮುಖವನ್ನೂ ನೋಡಬೇಕಿಲ್ಲ.
"ಇದರಲ್ಲಿ ಇಪ್ಪತ್ತು ಕೊಡಿ," ಅಂದೆ.
ಕೈ ಮಾತ್ರ ರಾಜನನ್ನು ಕೆಳಗಿಡಲಿಲ್ಲ.
ಮೂಗಿಲ್ಲದವನಿಗೂ ಮೂಗಿದ್ದವನ ರೇಟೇ ಹೇಳಿದರು.
ಲೆಕ್ಕಕ್ಕೆ ಸರಿಯಲ್ಲ, ಗೊತ್ತು.
"ಹತ್ತೊಂಬತ್ತು ಸಾಕು. ಇವನೊಬ್ಬ ಇರಲಿ."

ಬಿಲ್ಲು ಬರೆದರು, ತೆರಿಗೆ ಕೂಡಿಸಿದರು.
ನಾನು ಕಾಗದ ತಿರುಗಿಸಿ ಮುಂದಿಟ್ಟೆ.
"ವಾಪಸು ತಂದರೆ, ಆ ದಿನದ ರೇಟಿನಲ್ಲಿ
ನೂರಕ್ಕೆ ಎಷ್ಟು ಮುರ್ಕೊಳ್ತೀರಿ, ಇದರ ಹಿಂದೆ ಬರ್ಕೊಡಿ."

ಈ ತಾಲ್ಲೂಕಿನ ಅರ್ಧ ಜನಕ್ಕೆ ನಾನು ಬರೆದುಕೊಟ್ಟಿದ್ದೇನೆ
ಹೀಗೇ, ಟಿಕೆಟ್ಟಿನ ಬೆನ್ನಿಗೆ: ಮೂರು, ಏಳು, ಹದಿನಾಲ್ಕು.
ಇಳಿಯುವಾಗ ಇಸ್ಕೊಳ್ಳಿ ಅಂದಿದ್ದೇನೆ.
ಮರೆತು ಇಳಿದು ಹೋದವರು ಎಷ್ಟೋ.
ಈ ಹತ್ತೊಂಬತ್ತರಲ್ಲಿ
ಅವರದ್ದೂ ಒಂದೆರಡು ಇರಬಹುದು.

ಆಚಾರ್ರು ಬರೆದರು. ನೂರಕ್ಕೆ ಎರಡು. ಕೆಳಗೆ ಸಹಿ.
"ಅಂದಹಾಗೆ, ಯಾವಾಗ ತರ್ತೀರಿ?"
"ಇಳಿಯುವಾಗ," ಅಂದೆ.