ಕುರಿ ಕೂರಿಸುವ ಹಾಗೆ

ಇಪ್ಪತ್ತಾರು ವರ್ಷ ಉಣ್ಣೆ ಕತ್ತರಿಸಿದ ಬೆನ್ನು ಇದು,
ಬಗ್ಗಿದ್ದೇ ಅದಕ್ಕೆ ನೆಟ್ಟಗೆ.
ಫೆಬ್ರವರಿಯ ಒಂದು ಮಧ್ಯಾಹ್ನ, ಊಟದ ನಂತರದ ಸರದಿ,
ಒದ್ದೆ ಹಲಗೆಯ ಮೇಲೆ ಎಡಗಾಲು ಜಾರಿ
ಎಪ್ಪತ್ತು ಕೆಜಿ ಹೆಣ್ಣುಕುರಿ ಮಡಿಲಲ್ಲೇ ತಿರುಗಿತು.
ಕುರಿ ಎದ್ದು ಹೋಯಿತು. ನಾನು ಏಳಲಿಲ್ಲ.

ಇನ್ವರ್ಕಾರ್ಗಿಲ್ಲಿನ ಆಸ್ಪತ್ರೆಯಲ್ಲಿ ಸ್ಕ್ಯಾನು ತೆಗೆದರು,
ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ
ಏನೋ ಹೊರಗೆ ಇಣುಕಿದೆ ಅಂದರು,
ಬಾಗಿಲ ಸಂದಿಯಲ್ಲಿ ಮಗು ಇಣುಕಿದ ಹಾಗೆ.
ಮಾತ್ರೆ ಕೊಟ್ಟರು. ಮಾತ್ರೆ ನಿದ್ದೆ ಕೊಟ್ಟಿತು,
ಮಗ್ಗುಲಾದರೆ ನೋವು ಅದನ್ನು ವಾಪಸು ಕಿತ್ತುಕೊಂಡಿತು.
ಹದಿನಾಲ್ಕು ತಿಂಗಳು ಕಾಲುಚೀಲ ಹಾಕಿದ್ದು ಅಕ್ಕ ಹಿನೆವಾಯ್;
"ರೆವಿ, ಕಾಲು ನೀಡು" ಅನ್ನುವಳು,
ನೀಡುವುದೇ ಕಷ್ಟವೆಂದು ಮರೆತು.

ಕೊನೆಗೆ ಅವಳೇ ವ್ಯಾನಿನಲ್ಲಿ ಹೇರಿಕೊಂಡು ಹೋದಳು
ಮಟೌರಾ ಹೊಳೆಯ ದಂಡೆಗೆ, ಹಳೆಯ ಹಾಲಿನ ಡಿಪೋಗೆ.
ಮೊರಾಗ್ ಕಿನ್ನೇರ್ಡ್ ಎಂಬ ಹೆಂಗಸು ಈಗ ಅಲ್ಲಿ
ಕೈಯಿಂದ ಮೈ ನೋಡುತ್ತಾಳೆ.
ಆಸ್ಟಿಯೋಪತಿ ಅಂತ ಬೋರ್ಡು.
ಲಟಕ್ಕೆನಿಸುತ್ತಾಳೆ, ಮುಗಿಯಿತು, ಅಂದುಕೊಂಡೆ.

ಇಲ್ಲ. ಅಂಗೈ ಉಜ್ಜಿ ಬಿಸಿ ಮಾಡಿಕೊಂಡಳು,
ನಡುವಿನ ಬುಡದ ಮುಕ್ಕೋನ ಮೂಳೆಯ ಕೆಳಗೆ
ಮೆಲ್ಲಗೆ ತೂರಿಸಿದಳು, ಮತ್ತೆ
ಏನೂ ಮಾಡಲಿಲ್ಲ.
ಹೊರಗೆ ಟ್ಯಾಂಕರೊಂದು ಹೋಯಿತು.
ಹೀಟರು ಟಿಕ್ಕೆಂದಿತು.
ಇಷ್ಟು ಹೊತ್ತಿಗೆ ನಾಲ್ಕು ಕುರಿ ಬೋಳಿಸಿರುತ್ತಿದ್ದೆ,
ಲೆಕ್ಕ ಹಾಕುತ್ತ ಮಲಗಿದ್ದೆ, ಕುರಿಗೆ ಎಷ್ಟು, ಇವಳಿಗೆ ಎಷ್ಟು.

ಆಮೇಲೆ ಬೆನ್ನು ಬಿಟ್ಟು ಎಡಗಾಲಿನ ಗಿಣ್ಣು ಹಿಡಿದಳು.
"ನೋವು ಅಲ್ಲಿಲ್ಲ."
"ಗೊತ್ತು. ಇದು ಯಾವಾಗ ಮುರಿದದ್ದು?"
ಹತ್ತೊಂಬತ್ತರಲ್ಲಿ. ಮೋಟರುಬೈಕು. ನಾನು ಹೇಳಿರಲೇ ಇಲ್ಲ,
ಮರೆತೇ ಬಿಟ್ಟಿದ್ದೆ;
ಗಿಣ್ಣು ಮರೆತಿರಲಿಲ್ಲ, ಇಪ್ಪತ್ತನಾಲ್ಕು ವರ್ಷ
ಅರ್ಧ ಹೆಜ್ಜೆಯ ಸಾಲವನ್ನು ಸೊಂಟದ ಖಾತೆಗೆ ಬರೆಯುತ್ತಿತ್ತು.

ಮೂರನೆಯ ವಾರ, ಅಥವಾ ನಾಲ್ಕನೆಯದೋ,
ಮಗ್ಗುಲಿಗೆ ಹೊರಳಿಸಿದಳು: ಮೇಲಿನ ಮಂಡಿ ಮಡಿಸಿ,
ಭುಜ ಹಿಂದಕ್ಕೆ, ತನ್ನ ತೊಡೆಯ ಆನಿಕೆ ಕೊಟ್ಟು,
ಎಲ್ಲೂ ಬಿಗಿಹಿಡಿಯದೆ, ಎಲ್ಲೂ ಬಿಡದೆ.
ಆಗ ಗೊತ್ತಾಯಿತು.
ಅರೆ, ಇದು ನನ್ನದೇ ವಿದ್ಯೆ!
ಕುರಿಯನ್ನು ಕೂರಿಸುವುದು ಹೀಗೇ:
ಬಾಲದ ಬುಡ ನೆಲಕ್ಕೆ ಒತ್ತದಂತೆ, ತೊಡೆಗಳ ನಡುವೆ,
ತಲೆ ಒಂದು ಪಕ್ಕಕ್ಕೆ ವಾಲಿಸಿ,
ಕಾಲಿಗೆ ನೆಲ ಸಿಗದ ಹಾಗೆ.
ಜಾಗ ಸರಿಯಿದ್ದರೆ ಕುರಿ ಒದೆಯುವುದಿಲ್ಲ.
ಒದ್ದರೆ ತಪ್ಪು ಕುರಿಯದಲ್ಲ.
ಒಂದು ಉಸಿರು ಬಿಡುತ್ತದೆ, ಉದ್ದಕ್ಕೆ,
ಮೈಯೆಲ್ಲ ನೆನೆದ ಗೋಣಿಯಾಗಿ...

ಆ ಉಸಿರು ನನ್ನ ಬಾಯಿಂದ ಬಂತು.
ಯಾವ ಸದ್ದೂ ಆಗಲಿಲ್ಲ ಮೂಳೆಯಲ್ಲಿ.
ಮೊರಾಗ್ "ಹ್ಞಾಂ" ಅಂದಳು, ನನಗಲ್ಲ, ಬೆನ್ನಿಗೆ.
ನಾನು ಅತ್ತೆ. ಯಾಕೆ ಅಂತ ಅವಳು ಕೇಳಲಿಲ್ಲ,
ಟಿಶ್ಯೂ ಡಬ್ಬಿ ಕೂಡ ತಳ್ಳಲಿಲ್ಲ;
ಕೈ ಅಲ್ಲೇ ಇಟ್ಟಿದ್ದಳು.
ಎಷ್ಟು ಸಾವಿರ ಕುರಿ ಹೀಗೆ ನನ್ನ ಮಂಡಿಗೊರಗಿ
ಮೇಲೆ ನೋಡಿದ್ದವು, ಹಳದಿ ಕಣ್ಣಲ್ಲಿ;
ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ.

ವಾಸಿಯಾಯಿತೇ ಅಂತ ಕೇಳುತ್ತಾರೆ ಪಬ್ಬಿನಲ್ಲಿ.
ದಕ್ಷಿಣದ ಗಾಳಿ ಎದ್ದ ದಿನ ಈಗಲೂ ನೋವು
ನನಗಿಂತ ಮೊದಲೇ ಏಳುತ್ತದೆ, ಒಲೆ ಹಚ್ಚು ಅನ್ನುತ್ತದೆ.
ಮುನ್ನೂರು ಕುರಿಯ ದಿನ ಇನ್ನು ಬಾರದು.
ಆದರೆ ಕಾಲುಚೀಲ ನಾನೇ ಹಾಕಿಕೊಳ್ಳುತ್ತೇನೆ,
ಎಡಗಾಲಿನದು ಮೊದಲು, ಅದಕ್ಕೊಂದು ಮರ್ಯಾದೆ.

ಈಗ ಶೆಡ್ಡಿನಲ್ಲಿ ಹುಡುಗರಿಗೆ ಹೇಳಿಕೊಡುವ ಕೆಲಸ.
ನಿನ್ನೆ ಆ ಫಿನ್ಲೇ, ಹದಿನೇಳರವನು,
ಒದೆಯುವ ಕುರಿಗೆ ಬೈಯುತ್ತ ಬೆವರುತ್ತಿದ್ದ.
ಮಿಷನ್ನು ಆಫ್ ಮಾಡಿಸಿದೆ.
ಅವನ ಪಾದವನ್ನು ನನ್ನ ಬೂಟಿನಿಂದ
ಎರಡು ಬೆರಳು ಈಚೆ ಸರಿಸಿದೆ,
ಭುಜದ ಮೇಲೆ ಅಂಗೈ ಇಟ್ಟೆ, ಕಾದೆ.
"ಏನು ಮಾಡ್ತಿದ್ದೀರಿ?" ಅಂದ.
"ಏನೂ ಇಲ್ಲ," ಅಂದೆ. "ಸುಮ್ಮನಿರು."
ಕುರಿಗೆ ಮೊದಲು ಅರ್ಥವಾಯಿತು.